ಹಳೇ ಹಾಡಿಗೆ ಹುಡುಗರು ಕೂರುತ್ತಾರಾ? ಒಂದು ರಸಮಂಜರಿ ತಂಡದ ಪ್ರಕರಣ

ಇದು ಒಂದು ಆರ್ಕೆಸ್ಟ್ರಾ ತಂಡದ ವಿಷಯ. ತಂಡದ ಹೆಸರು ಹೇಳುವುದಿಲ್ಲ, ಊರಿನ ಹೆಸರೂ ಇಲ್ಲ. ತುಮಕೂರು, ಹಾಸನದ ಕಡೆಯ ಯಾವುದೋ ಒಂದು ತಾಲ್ಲೂಕು ಅಂದುಕೊಳ್ಳಿ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಆಚೀಚೆ ಮಾಡಿದ್ದೇನೆ. ಹಾಡುಗಳ ಹೆಸರು ಮಾತ್ರ ಇದ್ದದ್ದು ಇದ್ದ ಹಾಗೆ. ಅದನ್ನೂ ಮುಚ್ಚಿಟ್ಟರೆ ಇನ್ನು ಬರೆಯುವುದಕ್ಕೆ ಏನು ಉಳಿಯುತ್ತೆ ಹೇಳಿ.

ನಾನು ಈ ತಂಡಕ್ಕೆ ಹಾಡಿನ ಪಟ್ಟಿ ಬರೆದುಕೊಡುತ್ತಿದ್ದೆ, ನಿರೂಪಕ ಕೈಕೊಟ್ಟ ದಿನ ಮೈಕು ಹಿಡಿಯುತ್ತಿದ್ದೆ. ಹಾಡಲು ಬರುವುದಿಲ್ಲ, ವಾದ್ಯವೂ ಬರುವುದಿಲ್ಲ. ಹಾಗಾಗಿ ವೇದಿಕೆ ಪಕ್ಕದಲ್ಲಿ ನಿಂತು ಜನರ ಮುಖ ನೋಡುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತಿತ್ತು.

ತಂಡದ ಹಿನ್ನೆಲೆ

ಕಟ್ಟಿದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಎಂಬತ್ತರ ದಶಕದ ಕೊನೆಯಲ್ಲಿ ಶುರುವಾದ ತಂಡ. ಆಗ ಪಿ.ಬಿ. ಶ್ರೀನಿವಾಸ್ ಥರ ಹಾಡುವವರು ಇದ್ದಾರೆ ಅಂದರೆ ಗಣಪತಿ ಕಮಿಟಿಯವರೇ ಮನೆ ಬಾಗಿಲಿಗೆ ಬರುತ್ತಿದ್ದರು. ಮೇಷ್ಟ್ರಿಗೆ ಆ ದನಿ ಇತ್ತು. 1974ರ ಸಂಪತ್ತಿಗೆ ಸವಾಲ್ ಚಿತ್ರದಲ್ಲಿ ರಾಜ್‌ಕುಮಾರ್ ಅವರೇ ಹಾಡಿದ ‘ಯಾರೇ ಕೂಗಾಡಲಿ’ಯನ್ನೂ ಅಷ್ಟೇ ಚೆನ್ನಾಗಿ ಹಾಡುತ್ತಿದ್ದರು. ಅದರಲ್ಲೂ ‘ಎಮ್ಮೆ ನಿನಗೆ ಸಾಟಿ ಇಲ್ಲ’ ಅನ್ನುವಲ್ಲಿ ಶಾಮಿಯಾನದ ಕೆಳಗೆ ಕೂತವರೆಲ್ಲ ದನಿಗೂಡಿಸುತ್ತಿದ್ದರು.

ಈಗ ತಂಡದಲ್ಲಿ ಕೀಬೋರ್ಡಿಗೆ ಮೇಷ್ಟ್ರ ಮಗ ಇದ್ದಾನೆ. ವಾರವಿಡೀ ಬೆಂಗಳೂರಿನಲ್ಲಿ ಕಂಪನಿ ಕೆಲಸ, ಶನಿವಾರ ಬಸ್ ಹತ್ತಿ ಬರುತ್ತಾನೆ. ಒಬ್ಬರು ತಬಲಾ, ಇನ್ನೊಬ್ಬರು ರಿದಮ್ ಪ್ಯಾಡ್. ಕೊಳಲಿನವರು ದೊಡ್ಡ ಕಾರ್ಯಕ್ರಮಕ್ಕೆ ಮಾತ್ರ. ಹಾಡುವ ಹೆಣ್ಣುಮಕ್ಕಳು ಇಬ್ಬರು. ಅವರಲ್ಲಿ ಹಿರಿಯವರನ್ನು ತಂಡದವರೆಲ್ಲ ಅಕ್ಕ ಅನ್ನುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಈ ಪ್ರಕರಣದಲ್ಲಿ ಎಲ್ಲರಿಗಿಂತ ಮೊದಲು ಕಣ್ಣು ಬಿಟ್ಟವರು ಅವರೇ.

ದುಡಿಮೆಯ ಕಾಲ ಎಂದರೆ ಗಣೇಶ ಹಬ್ಬದಿಂದ ನವೆಂಬರ್ ಮುಗಿಯುವ ತನಕ. ರಾಜ್ಯೋತ್ಸವ ಒಂದನೇ ತಾರೀಕಿಗೆ ಮುಗಿಯುವುದಿಲ್ಲವಲ್ಲ, ತಿಂಗಳಿಡೀ ನಡೆಯುತ್ತೆ. ಆಮೇಲೆ ಬೇಸಿಗೆಯ ಜಾತ್ರೆಗಳು, ನಡುವೆ ಮದುವೆ ಆರತಕ್ಷತೆ. ಪಟ್ಟಿ ಹೆಚ್ಚೂಕಮ್ಮಿ ಇಪ್ಪತ್ತು ವರ್ಷ ಬದಲಾಗಿರಲೇ ಇಲ್ಲ. ಗಣಪತಿ ಹಾಡು, ಆಮೇಲೆ ರಾಜಣ್ಣ, ಆಮೇಲೆ ವಿಷ್ಣು, ಶಂಕರ್‌ನಾಗ್, ಅಂಬರೀಷ್, ಒಂದು ಭಾವಗೀತೆ, ಎರಡು ರವಿಚಂದ್ರನ್ ಹಾಡು. ಕೊನೆಗೆ 1993ರ ಆಕಸ್ಮಿಕ ಚಿತ್ರದ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’. ಅಲ್ಲಿಗೆ ಎಲ್ಲರೂ ಎದ್ದು ನಿಂತು ಕುಣಿದು ಮನೆಗೆ.

ತೊಂದರೆ ಶುರುವಾಗಿದ್ದು

ಒಂದು ವರ್ಷ ಗಣಪತಿ ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದಾಗ ಕಮಿಟಿಯ ಖಜಾಂಚಿ ಬಂದರು. ಬಾಕಿ ದುಡ್ಡು ಕೊಟ್ಟರು, ತಲೆ ಕೆರೆದುಕೊಂಡರು.

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ಡಿಜೆ ಸಾಕು ಅಂತ ಹುಡುಗರು ಹಟ ಮಾಡ್ತಿದ್ದಾರೆ. ನಿಮ್ಮ ಹಾಡೆಲ್ಲ ಅವರಿಗೆ ಗೊತ್ತೇ ಇಲ್ಲವಂತೆ.”

ಮೇಷ್ಟ್ರು ಏನೂ ಅನ್ನಲಿಲ್ಲ. ವ್ಯಾನು ಹತ್ತಿದ ಮೇಲೆ ಶುರುವಾಯಿತು ಅಪ್ಪ ಮಗನ ಜಗಳ. ಎರಡೂ ಕಡೆಯ ವಾದವನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಇಂಥ ತಂಡಗಳಲ್ಲಿ, ಬರೀ ತಂಡಗಳಲ್ಲಿ ಏನು, ಮನೆಮನೆಗಳಲ್ಲೂ ಇದೇ ಎರಡು ವಾದ ಕೇಳುತ್ತಿರುತ್ತೇವೆ. ಮೇಷ್ಟ್ರು ಹೇಳಿದ್ದು: ಚಿ. ಉದಯಶಂಕರ್ ಬರೆದದ್ದು, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್ ನಾಗೇಂದ್ರ ರಾಗ ಹಾಕಿದ್ದು ಎಂದೂ ಹಳತಾಗುವುದಿಲ್ಲ, ಹುಡುಗರಿಗೆ ರುಚಿ ಕಲಿಸಬೇಕು, ಅಷ್ಟೇ. ಮಗ ಹೇಳಿದ್ದು: 2006ರ ಮುಂಗಾರು ಮಳೆಗಿಂತ ಹಿಂದಿನದ್ದು ಯಾವುದೂ ಈಗಿನವರ ತಲೆಯಲ್ಲಿ ಇಲ್ಲ, ಪಟ್ಟಿಯಲ್ಲಿ ಅರ್ಧ ಕಿತ್ತು ಬಿಸಾಡಬೇಕು.

ಇಬ್ಬರೂ ಊಹೆಯ ಮೇಲೆ ಮಾತಾಡುತ್ತಿದ್ದರು. ಯಾವ ಹಾಡು ಯಾರಿಗೆ ಗೊತ್ತು ಅಂತ ಯಾರೂ ಒಬ್ಬ ಹುಡುಗನನ್ನೂ ಕೇಳಿರಲಿಲ್ಲ.

ಮೊದಲು ಮಾಡಿದ್ದು: ಪಾಲು

ಮೊದಲನೆಯದು ರಾಜಿ. ಮೊದಲರ್ಧ ಹಳೇದು, ಎರಡನೆಯ ಅರ್ಧ ಹೊಸದು. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆಗಿದ್ದು ಏನೆಂದರೆ ಮೊದಲರ್ಧದಲ್ಲಿ ಹುಡುಗರು ಗೋಬಿ ಗಾಡಿ ಹತ್ತಿರ ನಿಂತರು. ಅವರು ಒಳಗೆ ಬರುವ ಹೊತ್ತಿಗೆ ಹಿರಿಯರು ಕುರ್ಚಿ ಬಿಟ್ಟು ಎದ್ದರು. ಹಳ್ಳಿಯ ಕಡೆ ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಬೇಕು, ಒಂಬತ್ತೂವರೆ ಮೇಲೆ ಅವರು ಹೇಗೂ ಕೂರುವುದಿಲ್ಲ. ಒಂದೇ ರಾತ್ರಿ, ಒಂದೇ ಶಾಮಿಯಾನ, ಎರಡು ಸಭೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇದಕ್ಕೆ ಮೇಷ್ಟ್ರ ಭಾಷಣ ಬೇರೆ. ಪ್ರತಿ ಹಳೇ ಹಾಡಿಗೆ ಮುಂಚೆ “ಇಂಥಾ ಸಾಹಿತ್ಯ ಈಗ ಎಲ್ಲಿ ಬರುತ್ತೆ ಹೇಳಿ” ಅಂತ ಶುರು ಮಾಡುತ್ತಿದ್ದರು. ಹಿರಿಯರು ಚಪ್ಪಾಳೆ ತಟ್ಟುತ್ತಿದ್ದರು, ಹುಡುಗರು ಫೋನು ತೆಗೆಯುತ್ತಿದ್ದರು. ನಿನ್ನ ಕಾಲದ್ದು ಕಸ ಅಂತ ಮೊದಲೇ ಹೇಳಿಬಿಟ್ಟು ಆಮೇಲೆ ಹಾಡು ಕೇಳು ಅಂದರೆ ಯಾರು ಕೇಳುತ್ತಾರೆ? ಹಾಡು ಎಷ್ಟೇ ಚೆನ್ನಾಗಿರಲಿ, ಬೈಗುಳದ ಜೊತೆ ಬಂದದ್ದು ಕಿವಿಗೆ ಹೋಗುವುದಿಲ್ಲ.

ಆಮೇಲೆ ಮಾಡಿದ್ದು: ಬೀಟು

ಮಗನ ಸರದಿ ಬಂತು. ಒಂದು ಜಾತ್ರೆಗೆ ಹಳೇ ಹಾಡುಗಳ ಮೆಡ್ಲೆ ಮಾಡಿಕೊಂಡು ಬಂದ. 1972ರ ನಾಗರಹಾವು ಚಿತ್ರದ ‘ಬಾರೇ ಬಾರೇ’ ಕೆಳಗೆ ತಮಟೆ ಬೀಟು, ಪಲ್ಲವಿ ಎರಡು ಸಲ, ಚರಣವೇ ಇಲ್ಲ, ಅಲ್ಲಿಂದ ಮುಂದಿನ ಹಾಡಿಗೆ ನೆಗೆತ. ಹುಡುಗರು ಕುಣಿದರು. ನಿಜವಾಗಲೂ ಕುಣಿದರು, ಧೂಳು ಏಳುವ ಹಾಗೆ.

ಮಗ ಗೆದ್ದೆ ಅಂದುಕೊಂಡ. ನನಗೆ ಅನುಮಾನ ಇತ್ತು. ಕಾರ್ಯಕ್ರಮ ಮುಗಿದ ಮೇಲೆ ಟೀ ಅಂಗಡಿಯಲ್ಲಿ ಕುಣಿದ ಹುಡುಗರನ್ನೇ ಕೇಳಿದೆ, ಯಾವ ಹಾಡು ಇಷ್ಟ ಆಯಿತು ಅಂತ. ಬೀಟು ಸಖತ್ತಾಗಿತ್ತು ಅಣ್ಣ ಅಂದರು. ಹಾಡು ಯಾವುದು ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದರೆ ಆ ಹಾಡಿನ ಜಾಗದಲ್ಲಿ ಬೇರೆ ಯಾವುದಿದ್ದರೂ ಅವರು ಅಷ್ಟೇ ಕುಣಿಯುತ್ತಿದ್ದರು. ಅತ್ತ ಹಿರಿಯರೊಬ್ಬರು ವೇದಿಕೆ ಹತ್ತಿರ ಬಂದು, ಪುಟ್ಟಣ್ಣ ಕಣಗಾಲರು ಇದನ್ನು ಕೇಳಿದ್ದರೆ ಏನು ಅಂದುಕೊಳ್ಳುತ್ತಿದ್ದರೋ ಅಂತ ಹೇಳಿ ಹೋದರು. ಹಿರಿಯರು ಕೈತಪ್ಪಿದರು, ಹುಡುಗರು ಸಿಗಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಹಳೇದಕ್ಕೆ ಹೊಸ ವಾದ್ಯ ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಶಿಶುನಾಳ ಷರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳು ಮೊದಲು ತತ್ವಪದದವರ ಬಾಯಲ್ಲಿ ಇದ್ದವು. ಆಮೇಲೆ ಸಿ. ಅಶ್ವಥ್ ದನಿಯಲ್ಲಿ ಕ್ಯಾಸೆಟ್ ಹತ್ತಿ ಮನೆಮನೆಗೆ ಹೋದವು. ಆಮೇಲೆ ರಘು ದೀಕ್ಷಿತ್ ‘ಗುಡುಗುಡಿಯ ಸೇದಿ ನೋಡೋ’ ಅಂತ ಗಿಟಾರು ಹಿಡಿದು ಹಾಡಿದಾಗ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪೂರ್ತಿ ಪದವನ್ನು ಬಾಯಿಪಾಠ ಹೇಳಿದರು. ಅಲ್ಲೂ ವಾದ್ಯ ಬದಲಾಗಿತ್ತು, ತಾಳದ ಮೇಲೆ ಒತ್ತು ಜಾಸ್ತಿಯಾಗಿತ್ತು. ಆದರೆ ಮಾತು ಮುಂದೆ ನಿಂತಿತ್ತು, ಒಂದೊಂದು ಅಕ್ಷರವೂ ಕೇಳುತ್ತಿತ್ತು. ನಮ್ಮ ಮೆಡ್ಲೆಯಲ್ಲಿ ಮಾತು ಬೀಟಿನ ಕೆಳಗೆ ಸಿಕ್ಕಿ ಸತ್ತುಹೋಗಿತ್ತು. ಹೊಸ ಬಟ್ಟೆ ಹಾಕಿದ್ದೇನೋ ಸರಿ, ಒಳಗೆ ಆಳೇ ಇರಲಿಲ್ಲ.

ಚೀಟಿಗಳು

ತಿರುವು ಬಂದದ್ದು ಅಕ್ಕನಿಂದ. ರಸಮಂಜರಿಗೆ ಹೋದವರಿಗೆ ಗೊತ್ತಿರುತ್ತೆ, ನಡುವೆ ಜನ ಚೀಟಿ ಕಳಿಸುತ್ತಾರೆ, ಈ ಹಾಡು ಹಾಡಿ ಅಂತ. ಗೊತ್ತಿದ್ದರೆ ಹಾಡುತ್ತೇವೆ, ಇಲ್ಲದಿದ್ದರೆ “ಮುಂದೆ ಖಂಡಿತ” ಅಂತ ಹೇಳಿ ಜೇಬಿಗೆ ಇಳಿಸುತ್ತೇವೆ. ಅಕ್ಕ ಒಂದು ಕೆಲಸ ಮಾಡಿದರು. ಚೀಟಿ ತಂದ ಹುಡುಗ ಹುಡುಗಿಯರನ್ನು ಅಲ್ಲೇ ಹಿಡಿದು ನಿಲ್ಲಿಸಿ ಕೇಳತೊಡಗಿದರು: “ಈ ಹಾಡು ನಿಂಗೆ ಹೆಂಗೆ ಗೊತ್ತು ಮರೀ?”

ಇದೊಂದು ಪ್ರಶ್ನೆ ನಮ್ಮ ಪಟ್ಟಿಯನ್ನೆಲ್ಲ ತಲೆಕೆಳಗು ಮಾಡಿತು. ಮೊದಲನೆಯದಾಗಿ, ಹುಡುಗರಿಗೆ ಹಳೇ ಹಾಡು ಗೊತ್ತೇ ಇಲ್ಲ ಅನ್ನುವುದು ಸುಳ್ಳು. ಚಿಕ್ಕ ವಯಸ್ಸಿನವರೇ ಹಳೇ ಹಾಡಿಗೆ ಚೀಟಿ ತರುತ್ತಿದ್ದರು. ಅವು ಮೇಷ್ಟ್ರು ಶ್ರೇಷ್ಠ ಅಂತ ಎತ್ತಿಟ್ಟುಕೊಂಡ ಹಾಡುಗಳಾಗಿರಲಿಲ್ಲ, ಅಷ್ಟೇ.

ಒಬ್ಬ ಪಿಯುಸಿ ಹುಡುಗ ಕೇಳಿದ್ದು ‘ಕಾಣದಂತೆ ಮಾಯವಾದನು’. 1982ರ ಚಲಿಸುವ ಮೋಡಗಳು ಚಿತ್ರದ್ದು, ರಾಜನ್ ನಾಗೇಂದ್ರ ಸಂಗೀತ, ಪುಟ್ಟ ಪುನೀತ್ ಹಾಡಿದ್ದು. ನಾವು ಚಿಕ್ಕವರಿದ್ದಾಗ ಅದು ನಗಿಸುವ ಹಾಡು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ನಂತರ ಅದನ್ನು ಕೇಳುವ ರೀತಿಯೇ ಬೇರೆಯಾಯಿತು. ಆ ಹುಡುಗನಿಗೆ ಚಿತ್ರದ ಹೆಸರೂ ಗೊತ್ತಿರಲಿಲ್ಲ. ಅಪ್ಪು ಹೋದಾಗ ಅವರ ಬೀದಿಯಲ್ಲಿ ಕಟ್ಟಿದ ಫ್ಲೆಕ್ಸಿನ ಕೆಳಗೆ ಸ್ಪೀಕರಿನಲ್ಲಿ ದಿನಗಟ್ಟಲೆ ಅದೇ ಬರುತ್ತಿತ್ತಂತೆ. ನಲವತ್ತು ವರ್ಷದ ಹಿಂದೆ ಒಂದು ಮಗು ನಗುನಗುತ್ತಾ ಹಾಡಿದ್ದು, ಬರೆದವರು ಕನಸಿನಲ್ಲೂ ಎಣಿಸದ ಕೆಲಸಕ್ಕೆ ಬಂತು.

ಇನ್ನೊಬ್ಬ ಹುಡುಗಿ ಕೇಳಿದ್ದು ‘ಕನ್ನಡ ನಾಡಿನ ವೀರ ರಮಣಿಯ’. ಇದೂ ನಾಗರಹಾವಿನದೇ, ಪಿ.ಬಿ. ಶ್ರೀನಿವಾಸ್ ಹಾಡಿದ್ದು. ಹೆಂಗೆ ಗೊತ್ತು ಅಂದರೆ, ಆರನೇ ಕ್ಲಾಸಿನ ಸ್ಕೂಲ್ ಡೇಯಲ್ಲಿ ಒನಕೆ ಓಬವ್ವ ಆಗಿದ್ದಳಂತೆ! ಇದನ್ನು ಕೇಳಿದ ಕೂಡಲೇ ನಾವೆಲ್ಲ ನಕ್ಕೆವು, ಯಾಕೆಂದರೆ ಕರ್ನಾಟಕದಲ್ಲಿ ಸ್ಕೂಲಿಗೆ ಹೋದವರು ಯಾರೇ ಆಗಲಿ ಒಂದು ಸಲವಾದರೂ ಆ ಹಾಡಿಗೆ ರಟ್ಟಿನ ಒನಕೆ ಹಿಡಿದವರನ್ನು ನೋಡಿರುತ್ತಾರೆ. ಅದೇ ಚಿತ್ರದ ‘ಬಾರೇ ಬಾರೇ’ ಕೇಳಿದವರು ಚಿಕ್ಕವರಲ್ಲಿ ಯಾರೂ ಇರಲಿಲ್ಲ. ಅದೇ ಚಿತ್ರ, ಅದೇ ಸಂಗೀತ ನಿರ್ದೇಶಕ ವಿಜಯಭಾಸ್ಕರ್, ಅದೇ ಗಾಯಕ. ಗುಣದಲ್ಲಿ ಒಂದು ಮೇಲು ಒಂದು ಕೀಳು ಅಂತ ಹೇಳುವ ಧೈರ್ಯ ನನಗಿಲ್ಲ. ಒಂದಕ್ಕೆ ಪ್ರತಿ ವರ್ಷ ಶಾಲೆಯಲ್ಲಿ ಕೆಲಸ ಇದೆ, ಇನ್ನೊಂದಕ್ಕೆ ಇಲ್ಲ.

ಆಟೋ ಓಡಿಸುವವರ ಮಗನೊಬ್ಬ ಶಂಕರ್‌ನಾಗ್ ಹಾಡು ಕೇಳಿದ, 1981ರ ಗೀತಾ ಚಿತ್ರದ ‘ಸಂತೋಷಕ್ಕೆ’. ಕಾರಣ ಕೇಳುವುದೇ ಬೇಕಿರಲಿಲ್ಲ, ಅಪ್ಪನ ಆಟೋ ಹಿಂದೆ ಶಂಕ್ರಣ್ಣನ ಚಿತ್ರ ಇದೆ. ಒಬ್ಬಳು ‘ನಗುವ ನಯನ’ ಕೇಳಿದಳು, 1983ರ ಪಲ್ಲವಿ ಅನುಪಲ್ಲವಿಯದು. ಅಮ್ಮ ಅಡುಗೆ ಮಾಡುವಾಗ ಹಾಡುತ್ತಾರಂತೆ. ಅವಳ ಗೆಳತಿಗೆ ಆ ಹಾಡು ಗೊತ್ತಿರಲಿಲ್ಲ, ಆದರೆ ಅದೇ ಚಿತ್ರದ ಹಿನ್ನೆಲೆ ಸಂಗೀತದ ತುಣುಕು ಗೊತ್ತಿತ್ತು, ಹಿಂದೆ ಐಡಿಯಾ ಮೊಬೈಲ್ ಜಾಹೀರಾತಿನಲ್ಲಿ ಬರುತ್ತಿತ್ತಲ್ಲ, ಅದು. ಇಳಯರಾಜಾ ಅಂತ ಹೆಸರು ಹೇಳಿದರೆ ಹೌದಾ ಅಂದಳು.

ಇನ್ನೊಂದು ಚೀಟಿ ಬಂತು, ಅದು ನಮ್ಮೆಲ್ಲರ ವಯಸ್ಸು ನೆನಪಿಸಿದ್ದು. “ಯಾವುದಾದ್ರೂ ಹಳೇ ಹಾಡು ಹಾಡಿ, ಅನಿಸುತಿದೆ ಯಾಕೋ ಇಂದು ಆದ್ರೂ ಪರವಾಗಿಲ್ಲ.” ಮಗ ಹೊಸದು ಅಂತ ಹೋರಾಡುತ್ತಿದ್ದ ಮುಂಗಾರು ಮಳೆಯ ಹಾಡದು. ಆ ಚೀಟಿ ಬರೆದವನು ಆ ಚಿತ್ರ ಬಂದಾಗ ತೊಟ್ಟಿಲಲ್ಲಿ ಇದ್ದಿರಬೇಕು. ಮಗನ ಮುಖ ನೋಡಬೇಕಿತ್ತು. ಮೇಷ್ಟ್ರು ಅವತ್ತು ರಾತ್ರಿ ಸುಮ್ನೆ ನಗುತ್ತಲೇ ಇದ್ದರು.

ಚೀಟಿಯಲ್ಲಿ ಬರದ ಹಾಡುಗಳು

ಈ ಭಾಗ ಬರೆಯಲು ಖುಷಿ ಇಲ್ಲ, ಆದರೆ ಬಿಟ್ಟರೆ ಪ್ರಕರಣ ಸುಳ್ಳಾಗುತ್ತೆ. ಮೇಷ್ಟ್ರಿಗೆ ಪ್ರಾಣವಾದ ಒಂದು ಹಾಡಿದೆ, ಎಪ್ಪತ್ತರ ದಶಕದ್ದು, ನಿಧಾನದ್ದು, ರಾಗದ ಮೇಲೆ ನಿಂತದ್ದು. ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಅಭಿಮಾನಿಗಳು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಅಷ್ಟು ಒಳ್ಳೆಯ ಹಾಡು ಅದು. ಅದಕ್ಕೆ ಚೀಟಿ ತಂದ ಎಲ್ಲರೂ ಐವತ್ತು ದಾಟಿದವರು. ವರ್ಷ ಕಳೆದ ಹಾಗೆ ಅವರೂ ಕಮ್ಮಿಯಾದರು. ಹುಡುಗರು ಅದನ್ನು ಬೈಯಲಿಲ್ಲ, ಎದ್ದೂ ಹೋಗಲಿಲ್ಲ, ಕೇಳಿಸಿಕೊಂಡು ಮರೆತರು. ಮದುವೆಯಲ್ಲಿ ಹಾಡುವ ಹಾಗಿಲ್ಲ, ಶಾಲೆಯಲ್ಲಿ ಕುಣಿಯುವ ಹಾಗಿಲ್ಲ, ಯಾರ ಸಾವಿಗೂ ಯಾರ ಹಬ್ಬಕ್ಕೂ ಅದು ಹೊಂದುವುದಿಲ್ಲ. ಒಬ್ಬನೇ ಕೂತು ಕೇಳಬೇಕಾದ ಹಾಡು. ಅಂಥ ಹಾಡಿಗೆ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮ ಇತ್ತು ಒಂದು ಕಾಲದಲ್ಲಿ, ಮನೆಯವರೆಲ್ಲ ಒಂದೇ ರೇಡಿಯೋ ಕೇಳುತ್ತಿದ್ದ ಕಾಲ. ಈಗ ಅಪ್ಪನ ಕಿವಿಯಲ್ಲಿ ಒಂದು ಇಯರ್‌ಫೋನ್, ಮಗಳ ಕಿವಿಯಲ್ಲಿ ಇನ್ನೊಂದು. ಅಪ್ಪ ಏನು ಕೇಳುತ್ತಾನೆ ಅಂತ ಮಗಳಿಗೆ ಗೊತ್ತಾಗುವ ದಾರಿಯೇ ಮುಚ್ಚಿಹೋಗಿದೆ.

ಈ ಮನೆಯ ದಾರಿ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಅಧ್ಯಯನ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಪ್ರಕಟಿಸಿದ್ದು. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡಿನ ನೆನಪು ಜಾಸ್ತಿ ಇತ್ತು, ಅದರಲ್ಲೇನು ವಿಶೇಷ. ಆದರೆ ಅವರ ಅಪ್ಪ ಅಮ್ಮ ಹರೆಯದಲ್ಲಿದ್ದ ಕಾಲದ, ಅಂದರೆ ಎಂಬತ್ತರ ದಶಕದ ಮೊದಲ ಭಾಗದ ಹಾಡುಗಳಲ್ಲೂ ನೆನಪು, ಒಲವು ಮತ್ತೆ ಏರಿತ್ತು. ಅರವತ್ತರ ದಶಕದ ಹಾಡುಗಳಲ್ಲಿ ಇನ್ನೊಂದು ಸಣ್ಣ ಏರು.

ಇದನ್ನು ನಮ್ಮ ಶಾಮಿಯಾನಕ್ಕೆ ತಂದು ನೋಡಿ. ಈಗ ಇಪ್ಪತ್ತು ವಯಸ್ಸಿನವರ ಅಪ್ಪ ಅಮ್ಮ ಹರೆಯದಲ್ಲಿದ್ದದ್ದು 1987ರ ಪ್ರೇಮಲೋಕದಿಂದ ಹಿಡಿದು ತೊಂಬತ್ತರ ದಶಕದ ತನಕ. ನಮ್ಮ ಕಾರ್ಯಕ್ರಮದಲ್ಲಿ ಯಾವ ಕಸರತ್ತೂ ಇಲ್ಲದೆ, ಯಾವ ಪೀಠಿಕೆಯೂ ಇಲ್ಲದೆ ಎರಡೂ ಪೀಳಿಗೆ ಒಟ್ಟಿಗೆ ಹಾಡಿದ್ದು ಹಂಸಲೇಖ ಹಾಡುಗಳಿಗೆ! ಆಗ ಅದನ್ನೇ ಮೇಷ್ಟ್ರು ಗದ್ದಲ ಅಂತ ಕರೆದಿದ್ದರಂತೆ, ಪಟ್ಟಿಯಲ್ಲಿ ಎರಡೇ ಇರಲಿ ಅಂತ ಕಟ್ಟುನಿಟ್ಟು ಮಾಡಿದ್ದರಂತೆ. ತಬಲಾದವರು ಈ ಮಾತನ್ನು ಸಮಯ ನೋಡಿ ಎತ್ತಿದರು, ಮೇಷ್ಟ್ರು ಕೇಳಿಸದವರ ಹಾಗೆ ಶ್ರುತಿ ಪೆಟ್ಟಿಗೆ ಸರಿ ಮಾಡುತ್ತಾ ಕೂತರು.

ಬೊಂಬೆಯ ದಾರಿ

ಚೀಟಿಗಳ ನಂತರ ತಂಡ ಒಂದು ತೀರ್ಮಾನಕ್ಕೆ ಬಂತು. ಹಳೇದು ಹೊಸದು ಅಂತ ಪಾಲು ಮಾಡುವುದು ಬೇಡ. ಹುಡುಗರಿಗೆ ಗೊತ್ತಿರುವ ಹಾಡಿನಿಂದ ಶುರು ಮಾಡಿ, ಅದಕ್ಕೆ ನಿಜವಾದ ನಂಟಿರುವ ಹಳೇ ಹಾಡಿಗೆ ನಡೆದು ಹೋಗೋಣ.

ಮೊದಲ ಜೋಡಿ ಕಷ್ಟಪಡದೆ ಸಿಕ್ಕಿತು. 2017ರ ರಾಜಕುಮಾರ ಚಿತ್ರದ ‘ಬೊಂಬೆ ಹೇಳುತೈತೆ’. ವಿ. ಹರಿಕೃಷ್ಣ ಸಂಗೀತ, ವಿಜಯ್ ಪ್ರಕಾಶ್ ದನಿ. ಈ ಹಾಡು ಹೇಳುವ ಬೊಂಬೆ ಯಾವುದು? 1971ರ ಕಸ್ತೂರಿ ನಿವಾಸದ್ದು. ಎಷ್ಟು ಬೀಳಿಸಿದರೂ ಎದ್ದು ನಿಲ್ಲುವ ಆ ಬೊಂಬೆ, ‘ಆಡಿಸಿ ನೋಡು ಬೀಳಿಸಿ ನೋಡು’. ಮಗ ಪುನೀತ್ ಚಿತ್ರದ ಹಾಡು ಅಪ್ಪ ರಾಜ್‌ಕುಮಾರ್ ಚಿತ್ರದ ಹಾಡಿಗೆ ಕೈ ಚಾಚಿದೆ. ಹೊಸ ಹಾಡು ಗೊತ್ತಿರುವ ಮಕ್ಕಳಿಗೆ ಹಳೇದರ ಅರ್ಧ ಸುದ್ದಿ ಆಗಲೇ ತಲುಪಿರುತ್ತೆ.

ಮೇಷ್ಟ್ರು ಮೊದಲು ಒಪ್ಪಲಿಲ್ಲ. “ಹೊಸ ಹಾಡಿನ ಬಾಲ ಹಿಡ್ಕೊಂಡು ಕಸ್ತೂರಿ ನಿವಾಸ ಹಾಡಬೇಕಾ ನಾನು?” ಮಗ ಈ ಸಲ ಜಗಳ ಆಡಲಿಲ್ಲ. “ಅಪ್ಪ, ಬೀಟು ಹಾಕಲ್ಲ. ನೀವು ಹೆಂಗೆ ಹಾಡ್ತೀರೋ ಹಂಗೇ. ನಾನು ನಿಮ್ಮ ಹಿಂದೆ ಬರ್ತೀನಿ.” ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಗಂಟು ಬಿಚ್ಚಿದ್ದು ಇಲ್ಲೇ. ಮೇಷ್ಟ್ರು ಕೊನೆಗೆ ಮೂರು ಷರತ್ತು ಹಾಕಿದರು. ಹಳೇ ಹಾಡು ಅದರ ಮೂಲ ಗತಿಯಲ್ಲೇ ಇರಬೇಕು. ಚರಣ ಪೂರ್ತಿ ಹಾಡಬೇಕು. ಚರಣ ನಡೆಯುವಾಗ ರಿದಮ್ ಪ್ಯಾಡ್ ಸುಮ್ಮನಿರಬೇಕು, ತಬಲಾ ಮಾತ್ರ. ಅದಕ್ಕೆ ಬದಲಾಗಿ ಅಕ್ಕನೂ ಒಂದು ಷರತ್ತು ಹಾಕಿದರು: ಭಾಷಣ ಇಲ್ಲ.

ಒಂದು ರಾಜ್ಯೋತ್ಸವದಲ್ಲಿ ಪರೀಕ್ಷೆ ಆಯಿತು. ಬೊಂಬೆ ಹಾಡು ಶುರುವಾದಾಗ ಎಲ್ಲರಿಗೂ ಗೊತ್ತಿರುವುದೇ ಆಯಿತು, ಫೋನಿನ ಟಾರ್ಚುಗಳೆಲ್ಲ ಮೇಲೆ. ಅದು ಮುಗಿದ ಮೇಲೆ ಸಾಮಾನ್ಯವಾಗಿ ಚಪ್ಪಾಳೆಗೆ ಬಿಡುವು ಕೊಡುತ್ತೇವೆ. ಇಲ್ಲಿ ಕೊಡಲಿಲ್ಲ. ಮಗ ಕೀಬೋರ್ಡಿನಲ್ಲಿ ಸ್ವರ ಹಿಡಿದುಕೊಂಡೇ ಇದ್ದ, ಶ್ರುತಿಯನ್ನು ಮೊದಲೇ ಮೇಷ್ಟ್ರಿಗೆ ಹೊಂದುವ ಹಾಗೆ ಇಳಿಸಿಕೊಂಡಿದ್ದೆವು, ಮೇಷ್ಟ್ರು ತಾಳ ಇಲ್ಲದೆ ‘ಆಡಿಸಿ ನೋಡು’ ಎತ್ತಿದರು. ಟಾರ್ಚುಗಳು ಆರಲಿಲ್ಲ. ಪಲ್ಲವಿಗೆ ಒಂದಷ್ಟು ಹುಡುಗರು ದನಿಗೂಡಿಸಿದರು. ಚರಣ ಅವರಿಗೆ ಗೊತ್ತಿರಲಿಲ್ಲ, ಸುಮ್ಮನಾದರು, ಆದರೆ ನಿಂತಿದ್ದರು. ಚರಣ ಗೊತ್ತಿದ್ದವರು ಮುಂದಿನ ಕುರ್ಚಿಗಳಲ್ಲಿದ್ದರು, ಅವರು ಹಾಡಿದರು. ಹಿಂದೆ ನಿಂತವರು ಮುಂದೆ ಕೂತವರನ್ನು ನೋಡುತ್ತಿದ್ದರು. ಅಂಥದ್ದನ್ನು ನಾನು ಈ ತಂಡದ ಕಾರ್ಯಕ್ರಮದಲ್ಲಿ ಅದುವರೆಗೆ ಕಂಡಿರಲಿಲ್ಲ.

ಎಲ್ಲಾ ಜೋಡಿಗಳೂ ಹೀಗೆ ಕೂಡಲಿಲ್ಲ. ಹುಮ್ಮಸ್ಸಿನಲ್ಲಿ ಒಂದು ಹೊಸ ಮಳೆ ಹಾಡಿಗೆ ಒಂದು ಹಳೇ ಮಳೆ ಹಾಡು ಗಂಟು ಹಾಕಿದೆವು. ಎರಡರಲ್ಲೂ ಮಳೆ ಇದೆ, ಇನ್ನೇನು ಬೇಕು ಅಂದುಕೊಂಡೆವು. ನೀರಸ. ಹಳೇದು ಶುರುವಾದ ಕೂಡಲೇ ಗುಜುಗುಜು ಎದ್ದಿತು. ಪಟ್ಟಿ ಬರೆಯುವವನಿಗೆ ಮಾತ್ರ ಕಾಣುವ ನಂಟು ನಂಟಲ್ಲ. ಅದೇ ‘ಯಾರೇ ಕೂಗಾಡಲಿ’ ಹಾಡಿದಾಗ ಯಾವ ಸೇತುವೆಯೂ ಬೇಕಾಗಲಿಲ್ಲ. ಆ ಹೆಸರಿನಲ್ಲಿ 2012ರಲ್ಲಿ ಪುನೀತ್ ಚಿತ್ರವೇ ಬಂದಿದೆ, ಸಾಲದ್ದಕ್ಕೆ ಊರಿನ ಹುಡುಗರಿಗೆ ಎಮ್ಮೆ ಮೇಲೆ ಕೂತ ರಾಜಣ್ಣ ಇನ್ನೂ ನಗು ತರಿಸುತ್ತಾರೆ.

ಓಬವ್ವನ ಹಾಡಿಗೆ ಮಾಡಿದ್ದು ಇನ್ನೂ ಸುಲಭ. ಕಾರ್ಯಕ್ರಮ ಇರುವ ಊರಿನ ಶಾಲೆಗೆ ಮೊದಲೇ ಹೇಳಿಟ್ಟು, ಹೇಗಿದ್ದರೂ ಅವರ ಹತ್ತಿರ ನೃತ್ಯ ತಯಾರಿರುತ್ತಲ್ಲ, ಆ ಮಕ್ಕಳನ್ನೇ ವೇದಿಕೆಗೆ ಕರೆದೆವು. ಪೆನ್‌ಡ್ರೈವಿನ ಟ್ರ್ಯಾಕ್ ಬದಲು ಮೇಷ್ಟ್ರು ಎದುರಿಗೇ ನಿಂತು ಹಾಡಿದರು. ಮಕ್ಕಳ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲ ಬಂದರು. ಡೇರಿಯ ಚಿಂತೆ ಅವತ್ತು ಯಾರಿಗೂ ಇರಲಿಲ್ಲ.

ಫಲ ಏನಾಯಿತು

ಡಿಜೆ ಕೇಳಿದ ಕಮಿಟಿ ಡಿಜೆಯನ್ನೇ ಹಾಕಿಸಿತು. ಅವರು ಇವತ್ತಿಗೂ ವಾಪಸು ಬಂದಿಲ್ಲ. ಜಾತ್ರೆಯ ಬುಕಿಂಗ್ ಕೂಡ ಮೊದಲಿನಷ್ಟಿಲ್ಲ. ಬಂದದ್ದು ಬೇರೆ ಕಡೆಯಿಂದ: ಶಾಲಾ ವಾರ್ಷಿಕೋತ್ಸವಗಳು, ಕನ್ನಡ ಸಂಘಗಳು, ಮನೆಮಂದಿಯೆಲ್ಲ ಸೇರುವ ಆರತಕ್ಷತೆಗಳು. ದುಡ್ಡು ಜಾಸ್ತಿಯಾಯಿತು ಅಂತ ಹೇಳಲಾರೆ. ತಂಡ ಮುಚ್ಚಲಿಲ್ಲ.

ಪಟ್ಟಿಯಲ್ಲಿ ಹಳೇ ಹಾಡುಗಳ ಸಂಖ್ಯೆ ಕಮ್ಮಿಯಾಗಿದೆ. ಮೇಷ್ಟ್ರು ಹಾಡುತ್ತಿದ್ದವುಗಳಲ್ಲಿ ಬಹಳಷ್ಟು ಈಗ ಇಲ್ಲ. ಉಳಿದವು ಮಾತ್ರ ಪೂರ್ತಿ ಚರಣದ ಜೊತೆ ಇವೆ. ನನ್ನ ಮಟ್ಟಿಗೆ ಈ ಪ್ರಕರಣದಿಂದ ಸಿಕ್ಕ ತಿಳಿವಳಿಕೆ ಇಷ್ಟೇ: ಹಾಡು ಮುಂದಿನ ಪೀಳಿಗೆಗೆ ಹೋಗುವುದು ಬರೀ ಚೆನ್ನಾಗಿರುವುದರಿಂದ ಅಲ್ಲ. ಅದಕ್ಕೊಂದು ಕೆಲಸ ಬೇಕು. ಶಾಲೆಯ ನೃತ್ಯ, ಬೀದಿಯ ಶ್ರದ್ಧಾಂಜಲಿ, ಆಟೋ, ಅಡುಗೆಮನೆ, ಇನ್ನೊಂದು ಹಾಡಿನೊಳಗಿನ ಬೊಂಬೆ, ಯಾವುದೋ ಒಂದು. ಚೆನ್ನಾಗಿರುವುದು ಲೆಕ್ಕಕ್ಕೆ ಬರುವುದು ಆಮೇಲೆ, ಕೆಲಸಕ್ಕೆ ಕರೆದಾಗ ಅದು ನಿಲ್ಲುತ್ತದೋ ಇಲ್ಲವೋ ಅನ್ನುವಲ್ಲಿ. ‘ಆಡಿಸಿ ನೋಡು’ ಕಳಪೆ ಹಾಡಾಗಿದ್ದರೆ ಆ ಟಾರ್ಚುಗಳು ಚರಣಕ್ಕೆ ಮುಂಚೆಯೇ ಆರಿಹೋಗುತ್ತಿದ್ದವು.

ಬೇರೆ ತಂಡದವರು ಇದನ್ನು ಓದುತ್ತಿದ್ದರೆ ಒಂದು ಮಾತು: ನಮ್ಮ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಧಾರವಾಡದ ಕಡೆ ಷರೀಫರ ಪದ ಮಾಡುವ ಕೆಲಸವನ್ನು ನಮ್ಮ ಕಡೆ ಅದು ಮಾಡುವುದಿಲ್ಲ, ಮಂಗಳೂರಿನ ಕಡೆ ಮತ್ತೆ ಬೇರೆ. ಎತ್ತಿಕೊಳ್ಳುವುದಾದರೆ ಅಕ್ಕನ ಪ್ರಶ್ನೆಯನ್ನು ಎತ್ತಿಕೊಳ್ಳಿ. ಚೀಟಿ ತಂದವರನ್ನು ಕೇಳಿ, ಹೆಂಗೆ ಗೊತ್ತು ಅಂತ.

ಈಗ ಹೊಸ ತಕರಾರು ಎದ್ದಿದೆ. ಮಗನಿಗೆ ಮಗು ಆಗಿದೆ, ಅವನು ಮುಂಗಾರು ಮಳೆ ಕಾಲದ ಹಾಡುಗಳನ್ನು ಪಟ್ಟಿಯಿಂದ ತೆಗೆಯಲು ಬಿಡುತ್ತಿಲ್ಲ. ರಿದಮ್ ಪ್ಯಾಡಿಗೆ ಹೊಸದಾಗಿ ಸೇರಿದ ಹುಡುಗ, ಅಣ್ಣ ಅದೆಲ್ಲ ಯಾರಿಗೆ ಬೇಕು ಈಗ ಅನ್ನುತ್ತಾನೆ. ಮೇಷ್ಟ್ರು ಈ ಸಲ ಯಾರ ಪಕ್ಷವನ್ನೂ ವಹಿಸಿಲ್ಲ, ಚೀಟಿ ನೋಡೋಣ ಅಂದಿದ್ದಾರೆ. ಆಷಾಢದಲ್ಲಿ ಮದುವೆ ಕಾರ್ಯಕ್ರಮ ಇರುವುದಿಲ್ಲ, ಆಗ ಕೂತು ಗಣಪತಿಯ ಪಟ್ಟಿ ಬರೆಯಬೇಕು.